ಮಂಗಳವಾರದ ತೊಟ್ಟಿಲು ಪತ್ರ

ಮಂಗಳವಾರ ಬೆಳಗ್ಗೆ ಹತ್ತಕ್ಕೆ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತೇನೆ. ಎಲ್ಲಿಗೂ ಹೋಗುವುದಕ್ಕಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಅರಗು ಮತ್ತು ಬಣ್ಣದ ಡಬ್ಬಿಗಳ ನಡುವೆ ಕುಳಿತು ಗಿರಾಕಿಗಳಿಗೆ ಇ-ಮೇಲ್ ಕಳಿಸುವುದಕ್ಕೆ. ಬನಿಯನ್ನಿನಲ್ಲಿ ಕುಳಿತು ಕಳಿಸಿದರೂ ಅದು ಹೋಗುತ್ತದೆ. ಅಷ್ಟು ನನಗೂ ಗೊತ್ತು. ಒಮ್ಮೆ ಹಾಗೆ ಕಳಿಸಿಯೂ ನೋಡಿದೆ. ಕರೆಯದವರ ಮನೆಗೆ ಬರಿಮೈಯಲ್ಲಿ ಹೋಗಿ ಊಟಕ್ಕೆ ಕುಳಿತವನ ಹಾಗೆ ಇಡೀ ದಿನ ಮುಜುಗರವಾಯಿತು. ಮುಂದಿನ ವಾರದಿಂದ ಮತ್ತೆ ಅಂಗಿ.

"ಅಲ್ರೀ, ಲಗ್ನದ ದಿನಾನೂ ನೀವು ಕನ್ನಡಿ ಮುಂದ ಇಷ್ಟು ಹೊತ್ತು ನಿಂತಿರಲಿಲ್ಲ," ಎನ್ನುತ್ತಾಳೆ ನನ್ನ ಹೆಂಡತಿ ಸುಮಂಗಲಾ. "ಆ ಕಂಪ್ಯೂಟರಿಗೆ ನಿಮ್ಮ ಕಾಲರ್ ಕಾಣಸ್ತೈತೇನು?"

ತಪ್ಪು ನನ್ನದಲ್ಲ, ಅಜ್ಜನದು. ನಮ್ಮದು ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಮನೆತನ. ಸಾಗವಾನಿ ಹಲಗೆಗೆ ಅರಗಿನ ಬಣ್ಣ ಹಚ್ಚಿ, ಗಿಳಿ, ನವಿಲು, ಬೆಣ್ಣೆ ಕದಿಯುವ ಕೃಷ್ಣ ಎಲ್ಲರನ್ನೂ ಬರೆದು ಕೊಡುತ್ತೇವೆ. ಅಜ್ಜ ಯಾವ ತೊಟ್ಟಿಲನ್ನೂ 'ಮಾರಿದೆ' ಎಂದವನಲ್ಲ. 'ಕೊಟ್ಟೆ' ಎನ್ನುತ್ತಿದ್ದ, ಮಗಳನ್ನು ಕೊಟ್ಟವರ ಧಾಟಿಯಲ್ಲಿ. ಕೊಟ್ಟ ಮನೆಗೆಲ್ಲ ವರ್ಷಕ್ಕೊಂದು ಕಾರ್ಡು ಹೋಗಬೇಕು. 'ಇತ್ತ ಕಡೆ ಎಲ್ಲರೂ ಕ್ಷೇಮ. ಅತ್ತ ತೊಟ್ಟಿಲು ಹೇಗಿದೆ? ಸರಪಳಿಗೆ ಎಣ್ಣೆ ಬಿಡುತ್ತೀರಷ್ಟೆ? ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬಾರದು.' ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಐದನೇ ಇಯತ್ತೆಯಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಬೇಸಿಗೆಯಲ್ಲಿ ಬರಿ ಚಡ್ಡಿಯಲ್ಲಿ ಬರೆಯಲು ಕೂತರೆ ಅಜ್ಜ ಪೆನ್ನು ಕಸಿದುಕೊಳ್ಳುತ್ತಿದ್ದ.

"ಅಂಗಿ ಹಾಕ್ಕೊಂಡ್ ಬಾ ಹೋಗಲೇ. ಅವರು ಓದೂಮುಂದ ನೀ ಅವರ ಪಡಸಾಲ್ಯಾಗ ಕುಂತಂಗ ಆಕ್ಕೈತಿ."

ಅದೇ ಅಂಗಡಿಯಲ್ಲಿ ನನಗೆ ಇನ್ನೊಂದು ಕೆಟ್ಟ ಹೆಸರೂ ಇತ್ತು. ಮಧ್ಯಾಹ್ನದ ಹೊತ್ತು ಎಲ್ಲರೂ ಉಣ್ಣಲು ಹೋದಾಗ ನಾನು ತಯಾರಾದ ತೊಟ್ಟಿಲಿನಲ್ಲಿ ಹತ್ತಿ ಮಲಗುತ್ತಿದ್ದೆ. ಅರಗಿನ ವಾಸನೆ, ಹಲಗೆಯ ತಂಪು, ಮೇಲೆ ಗಿಳಿಗಳ ಸಾಲು. ಅಂಥ ನಿದ್ದೆ ಮುಂದೆ ಎಂದೂ ಬರಲಿಲ್ಲ. ಎಂಟು ವರ್ಷದವನಿದ್ದಾಗ ಹೀಗೆ ಕಾಲು ಹೊರಗೆ ಇಳಿಬಿಟ್ಟು, ಬಾಯಿ ತೆರೆದು ಮಲಗಿದ್ದೆ. ತೊಟ್ಟಿಲು ಒಯ್ಯಲು ಬಂದ ಮನೆಯ ಮುದುಕಿ ಒಳಗೆ ಇಣುಕಿ ನೋಡಿ, "ಯಪ್ಪಾ, ಇಷ್ಟು ದೊಡ್ಡದು ನಮಗ ಬ್ಯಾಡ್ರಿ," ಅಂದಳಂತೆ. ಈಗಲೂ ನಮ್ಮ ಓಣಿಯಲ್ಲಿ ಹಳಬರು ನನ್ನನ್ನು ತೊಟ್ಟಿಲ ಮಾದೇವ ಎಂದೇ ಗುರುತಿಸುತ್ತಾರೆ.

ಇರಲಿ, ನಾನು ಹೇಳಹೊರಟದ್ದು ಇ-ಮೇಲಿನ ವಿಷಯ. ಅದು ತಿಳಿಯಬೇಕಾದರೆ ನಮ್ಮ ವ್ಯಾಪಾರದ ಒಂದು ವಿಚಿತ್ರ ನಿಮಗೆ ತಿಳಿದಿರಬೇಕು. ಮೊದಲನೆಯದಾಗಿ, ಒಳ್ಳೆಯ ತೊಟ್ಟಿಲು ಮೂರು ತಲೆಮಾರು ಬಾಳುತ್ತದೆ. ಒಂದು ಮನೆಗೆ ಕೊಟ್ಟರೆ ಅದು ಅಕ್ಕನ ಮಗುವಿಗೆ, ತಂಗಿಯ ಮಗುವಿಗೆ, ಬೀಗರ ಮನೆಗೆ ಎಂದು ಊರೆಲ್ಲ ತಿರುಗುತ್ತದೆ, ನಮ್ಮ ಅಂಗಡಿಯ ಕಡೆ ಮಾತ್ರ ತಿರುಗಿ ನೋಡುವುದಿಲ್ಲ. ಇನ್ನು ಕೂಸು ಹುಟ್ಟುವ ಮೊದಲು ತೊಟ್ಟಿಲು ಮಾಡಲು ಹೇಳುವುದು ನಮ್ಮ ಕಡೆ ಒಳ್ಳೆಯದಲ್ಲ. ಆಸೆಯನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆಂಬ ಹೆದರಿಕೆ. ಹುಟ್ಟಿದ ಮೇಲೆ ಹೇಳೋಣವೆಂದರೆ ಹದಿಮೂರನೆಯ ದಿನಕ್ಕೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಒಂದು ತೊಟ್ಟಿಲಿಗೆ ನಮಗೆ ಎರಡೂವರೆ ತಿಂಗಳು ಬೇಕು. ಹೀಗಿದ್ದೂ ನಾಲ್ಕು ತಲೆಮಾರು ಈ ವ್ಯಾಪಾರ ಹೇಗೆ ನಡೆಯಿತು ಎಂದು ನೀವು ಕೇಳಬಹುದು.

ನಡೆದದ್ದು ಈರಪ್ಪ ಕಾಕಾನಂಥವರ ಕಣ್ಣಿನಿಂದ. ಕಾಕಾ ನನ್ನ ಅಪ್ಪನ ತಮ್ಮ. ಎಪ್ಪತ್ತು ದಾಟಿದೆ, ಕುಂಚ ಹಿಡಿದರೆ ಕೈ ಇನ್ನೂ ನಡುಗುವುದಿಲ್ಲ. ನಮ್ಮ ಅಂಗಡಿಗೆ ಯಾವುದೋ ಊರಿನ ತಾಯಿಯೊಬ್ಬಳು ಬರುತ್ತಾಳೆ. "ಹಿಂಗ ಸಂತಿಗೆ ಬಂದಿದ್ದೆ, ಸುಮ್ಮ ನೋಡಿ ಹೋಗೂಣು ಅಂತ ಬಂದೆ," ಅನ್ನುತ್ತಾಳೆ. ಕಾಕಾ ಕೂಡ್ರಲು ಸ್ಟೂಲು ಕೊಡುತ್ತಾನೆ. ಮಳೆಯ ಮಾತಾಗುತ್ತದೆ, ಜೋಳದ ಮಾತಾಗುತ್ತದೆ. ಚಹಾ ಕುಡಿದು ಆಕೆ ಹೋಗುತ್ತಾಳೆ. ತೊಟ್ಟಿಲಿನ ಮಾತು ಇಬ್ಬರ ಬಾಯಲ್ಲೂ ಬಂದಿರುವುದಿಲ್ಲ. ಆಕೆ ಬೀದಿ ತಿರುಗಿದ್ದೇ ತಡ ಕಾಕಾ ಕೂಗುತ್ತಾನೆ: "ಲೇ, ಹಲಗಿ ಇಳಸ್ರಿ."

ಹೆಸರು ಬರೆದುಕೊಳ್ಳುವುದಿಲ್ಲ, ದಿನ ಕೇಳುವುದಿಲ್ಲ. ಮೂರು ತಿಂಗಳ ಮೇಲೆ ಆ ಮನೆಯವರು ಗಾಡಿ ತಂದು ತೊಟ್ಟಿಲು ಹೇರಿಕೊಂಡು ಹೋಗುತ್ತಾರೆ. ಹೇಗೆ ಗೊತ್ತಾಗುತ್ತದೆ ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದೆ.

"ಚಿತ್ರಾ ನೋಡೂ ಮಂದಿ ಹೊತ್ತು ಕಳ್ಯಾಕ ಬಂದವ್ರು," ಎಂದಿದ್ದ ಕಾಕಾ. "ತೊಟ್ಟಿಲಾ ಒಂದ ಬಿಟ್ಟು ಉಳದದ್ದೆಲ್ಲಾ ನೋಡ್ತಾರಲ್ಲ, ಅವರಽ ಖರೇ ಗಿರಾಕಿ."

ಈಚೆಗೆ ಕೆಲವು ವರ್ಷಗಳಿಂದ ಹೀಗೆ ಸುಮ್ಮನೆ ನೋಡಲು ಬರುವವರೇ ನಿಂತುಹೋದರು. ಜನ ಈಗ ನೋಡುವುದೆಲ್ಲ ಮೊಬೈಲಿನಲ್ಲಿ. ಕಾಕಾ ಬೆಳಗಿನಿಂದ ಬಾಗಿಲಲ್ಲಿ ಕುಳಿತು ಹೋಗುವ ಬರುವ ಬಸ್ಸು ಎಣಿಸುತ್ತಿದ್ದ. ಬಣ್ಣದ ಕುಂಚಗಳು ಒಣಗಿ ಕಡ್ಡಿಯಾದವು. ಒಂದು ತೊಟ್ಟಿಲಿಗೆ ಸರಿಯಾಗುವಷ್ಟು ಸಾಗವಾನಿ ಹಲಗೆ ಮಾತ್ರ ಮೂಲೆಯಲ್ಲಿ ಉಳಿದಿತ್ತು. ಬಾಗಿಲು, ಕಿಟಕಿ ಮಾಡುವ ಮೌಲಾಸಾಬ ನಮ್ಮ ಹಳೆಯ ಸ್ನೇಹಿತ. ಪ್ರತಿ ಗುರುವಾರ ಬಂದು ಆ ಹಲಗೆಗಳ ಯೋಗಕ್ಷೇಮ ವಿಚಾರಿಸುತ್ತಿದ್ದ.

"ಕಾಕಾ, ಹಿಂತಾ ಹಲಗಿ ಹಿಂಗ ಮೂಲ್ಯಾಗ ನಿಂದರೂದು ಪಾಪ ಐತಿ. ದೇವರ ಮನಿ ಬಾಗಲಾ ಮಾಡ್ತೀನಿ. ಅಗದಿ ಛಲೋ ಮನಿಗೆ ಹೋಗ್ತಾವ."

ಒಂದು ಗುರುವಾರ ಕಾಕಾ ಹೇಳಿಯೇಬಿಟ್ಟ. "ಬರೂ ಯುಗಾದಿ ತನಕಾ ನೋಡೂಣು ಮೌಲಾ. ಆಮ್ಯಾಲೆ ಒಯ್ಯಿ. ಕುಂಚಾನೂ ತೊಳದು ಇಟ್ಟಬಿಡ್ತೀನಿ."

ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಹಲಗೆಗಾಗಿ ಅಲ್ಲ. ಕಾಕಾ ಕುಂಚ ತೊಳೆದು ಇಟ್ಟರೆ ಮತ್ತೆ ಹಿಡಿಯುವವನಲ್ಲ. ಕುಂಚ ಹಿಡಿಯದ ಕಾಕಾ ಎಷ್ಟು ದಿನ ಇದ್ದಾನು? ಏನಾದರೂ ಮಾಡಬೇಕೆಂದು ನಿಶ್ಚಯಿಸಿದೆ. ಏನು ಮಾಡಬೇಕೆಂದು ಗೊತ್ತಿಲ್ಲದ್ದರಿಂದ ಧಾರವಾಡದಲ್ಲಿ ಸಣ್ಣ ಉದ್ದಿಮೆದಾರರಿಗೆ ನಡೆಯುವ ಎರಡು ದಿನದ ತರಬೇತಿಗೆ ಹೋದೆ.

ಅಲ್ಲಿ ನನ್ನ ಎಡಕ್ಕೆ ಉಪ್ಪಿನಕಾಯಿಯವರು, ಬಲಕ್ಕೆ ಊದುಬತ್ತಿಯವರು. ಕೋಟು ತೊಟ್ಟ ತೆಳ್ಳನೆಯ ಯುವಕನೊಬ್ಬ ಪರದೆಯ ಮೇಲೆ ಬಾಣದ ಗುರುತುಗಳನ್ನು ಹಾರಿಸುತ್ತ ಇ-ಮೇಲಿನ ಮಹಿಮೆ ಹೇಳಿದ. ಗಿರಾಕಿಗಳ ವಿಳಾಸ ಕೂಡಿಸಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಪತ್ರ ಕಳಿಸಿ. ಉತ್ತರ ಬರಲಿಲ್ಲವೇ? ಆದರೂ ಕಳಿಸಿ. ಒಂದು ವರ್ಷ ಬಿಡದೆ ಕಳಿಸಿ. ನಾನು ಎದ್ದು ನಿಂತು, "ಸರ್, ನಮ್ಮ ಗಿರಾಕಿ ಒಮ್ಮೆ ಕೊಂಡರೆ ಮತ್ತೆ ಬರುವುದು ಅವರ ಮೊಮ್ಮಕ್ಕಳ ಕಾಲಕ್ಕೆ," ಎಂದೆ. ಆತ ಸ್ವಲ್ಪ ಹೊತ್ತು ಯೋಚಿಸಿ, "ಹಾಗಿದ್ದರೆ ಎರಡು ವರ್ಷ ಕಳಿಸಿ," ಅಂದ.

ಅಜ್ಜನ ಕಾರ್ಡುಗಳ ವಿಳಾಸದ ವಹಿ ನನ್ನ ಹತ್ತಿರವೇ ಇತ್ತು. ಒಬ್ಬೊಬ್ಬರ ಫೋನು ನಂಬರು ಹುಡುಕಿ, ಮಾತನಾಡಿಸಿ, ಅವರ ಮಗನನ್ನೋ ಮೊಮ್ಮಗಳನ್ನೋ ಕಾಡಿ ಬೇಡಿ, ಅಂಗಡಿ ನೋಡಲು ಎಂದೋ ಬಂದವರು ಬರೆದಿಟ್ಟುಹೋದ ವಿಳಾಸಗಳನ್ನೂ ಸೇರಿಸಿ ಒಂದು ಪಟ್ಟಿ ಮಾಡಿದೆ. ಮೊದಲ ಪತ್ರವನ್ನು ಯುವಕ ಕೊಟ್ಟ ಮಾದರಿಯಂತೆಯೇ ಬರೆದೆ. ಮೇಲೆ ದಪ್ಪ ಅಕ್ಷರದಲ್ಲಿ: 'ನಿಮ್ಮ ಮನೆಗೆ ಬರಲಿರುವ ಪುಟ್ಟ ಅತಿಥಿಗೆ ಇಂದೇ ತೊಟ್ಟಿಲು ಹೇಳಿಡಿ!'

ಒತ್ತಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು. ನಾನು ಸಂತೋಷದಿಂದ ಎತ್ತಿಕೊಂಡೆ. ಕುಂದಗೋಳದಿಂದ ಒಬ್ಬ ಅತ್ತೆ.

"ಯಾರ್ ಹೇಳಿದ್ರು ನಿಮಗ?"

"ಏನ್ ಹೇಳಿದ್ರ್ಯವ್ವಾ?"

"ನಮ್ಮ ಸೊಸಿ ಸುದ್ದಿ! ಇನ್ನ ಮೂರ ತಿಂಗಳಾ ತುಂಬಿಲ್ಲ. ಮನ್ಯಾಗ ನಾಲ್ಕ ಮಂದಿಗಷ್ಟ ಗೊತ್ತೈತಿ. ಕಲಘಟಗಿ ತನಕಾ ಹೆಂಗ ಮುಟ್ಟಿತು?"

ಇದು ಎಲ್ಲರಿಗೂ ಒಂದೇ ಸಲ ಹೋಗುವ ಪತ್ರವೆಂದು ನಾನು ಎಷ್ಟು ಹೇಳಿದರೂ ಆ ತಾಯಿ ನಂಬಲಿಲ್ಲ. ಕೊನೆಗೆ ಆ ಮನೆಯವರ ಅನುಮಾನ ಬಾಜೂ ಮನೆಯ ಹೊಲಿಗೆಯವಳ ಮೇಲೆ ಹೋಗಿ, ಎರಡು ಮನೆಗಳ ನಡುವೆ ಮಾತು ನಿಂತಿತೆಂದು ಆಮೇಲೆ ತಿಳಿಯಿತು. ನವಲಗುಂದದ ನಿವೃತ್ತ ಗುಮಾಸ್ತರೊಬ್ಬರು ಎಂದೋ ತಂಗಿಯ ಮಗುವಿಗೆಂದು ತೊಟ್ಟಿಲು ಒಯ್ದವರು. ಅವರು ಉತ್ತರ ಬರೆದರು: 'ನಾನು ಅರವತ್ತೆಂಟು ವರ್ಷದ ಬ್ರಹ್ಮಚಾರಿ. ತಮ್ಮ ಶುಭ ಹಾರೈಕೆಗೆ ಋಣಿ.'

ಕಾಕಾನಿಗೆ ಪತ್ರ ಓದಿ ಹೇಳಿದೆ. ಆತ ತಲೆಯ ಮೇಲೆ ಕೈ ಇಟ್ಟುಕೊಂಡ.

"ಲೇ ಮಾದೇವಾ, ಬಾಯಿಬಿಟ್ಟು ಹೇಳೂ ಮಾತೇನಲೇ ಇದು? ಈ ಅಂಗಡ್ಯಾಗ ಇಷ್ಟು ವರ್ಷದಾಗ 'ಕೂಸು' ಅಂತ ಅಂದವರು ಒಬ್ಬರರೇ ಅದಾರೇನು? ಮಳಿ ಬಗ್ಗೆ ಬರಿ. ಜ್ವಾಳದ ಬಗ್ಗೆ ಬರಿ."

ಎರಡನೆಯ ವಾರ ಇನ್ನೊಂದು ಪೆಟ್ಟು. ನಮ್ಮ ಪತ್ರದ ಕೆಳಗೆ ಅನ್‌ಸಬ್‌ಸ್ಕ್ರೈಬ್ ಎಂದು ಒಂದು ಸಣ್ಣ ಗುಂಡಿ ಇರುತ್ತದೆ. ಇನ್ನು ಮುಂದೆ ನಿಮ್ಮ ಪತ್ರ ಬೇಡ ಎಂದರ್ಥ. ಅಣ್ಣಿಗೇರಿಯ ಹಿರಿಯರೊಬ್ಬರು ಅದನ್ನು ಒತ್ತಿದ್ದರು. ಅಜ್ಜನ ಕಾಲದಿಂದ ಕಾರ್ಡು ಹೋಗುತ್ತಿದ್ದ ಮನೆ ಅದು. ಮದುವೆಯ ಕರೆಯೋಲೆ ಕೊಡಲು ಹೋದವನ ಮುಖದ ಮೇಲೆ ಬಾಗಿಲು ಹಾಕಿದಂತೆ ಆಯಿತು ನನಗೆ. ಏನೋ ಅವರ ಮನಸ್ಸು ನೊಂದಿರಬೇಕು. ಅರ್ಧ ಕಿಲೋ ಪೇಢೆ ಕಟ್ಟಿಸಿಕೊಂಡು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಅವರ ಮನೆ ಮುಟ್ಟಿ ಕೈಮುಗಿದು ಕೇಳಿದೆ: "ನಮ್ಮಿಂದ ಏನರ ತಪ್ಪಾತೇನ್ರಿ?"

ಅವರಿಗೆ ಏನೂ ಗೊತ್ತಿರಲಿಲ್ಲ. ಫೋನು ತುಂಬಿದೆ ಎಂದು ಮೊಮ್ಮಗಳು ಏನೇನೋ ಒತ್ತಿದ್ದಳಂತೆ. ಮುದುಕರು ಆಕೆಯನ್ನು ಕರೆದು, "ಏನವ್ವಾ, ಮನಿತನದ ಸಂಬಂಧ ಕಡದ ಹಾಕಾಕ ಹೊಂಟಿದ್ದೀ?" ಎಂದು ಗದರಿಸಿ, ನನ್ನೆದುರೇ ಮತ್ತೆ ಪಟ್ಟಿಗೆ ಸೇರಿಸಿ, ರೊಟ್ಟಿ ಎಣ್ಣೆಗಾಯಿ ಉಣಿಸಿ ಕಳಿಸಿದರು. ಒಂದು ಇ-ಮೇಲು ವಿಳಾಸ ಉಳಿಸಿಕೊಳ್ಳಲು ಒಂದು ಇಡೀ ದಿನ ಕಳೆದ ವ್ಯಾಪಾರಿ ಈ ಪ್ರಪಂಚದಲ್ಲಿ ಇನ್ನೊಬ್ಬ ಇರಲಾರ. ಆದರೆ ಹೋಗದೆ ಇದ್ದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಮೂರನೆಯ ವಾರದಿಂದ ಕಾಕಾ ಹೇಳಿದಂತೆ ಬರೆಯತೊಡಗಿದೆ. ಅಜ್ಜನ ಕಾರ್ಡಿನ ಧಾಟಿಯೇ ಕೈಗೆ ಬಂತು. 'ಇತ್ತ ಎಲ್ಲರೂ ಕ್ಷೇಮ. ನಮ್ಮ ಕಡೆ ಮಳೆ ತಡವಾಗಿದೆ. ಅರಗು ಕಾಯಿಸಿದ ಒಲೆಯ ಮೇಲೆಯೇ ಸುಮಂಗಲಾ ಚಹಾ ಇಡಲು ಹೋಗಿ, ಉಕ್ಕಿದ ಅರಗಿಗೆ ಪಾತ್ರೆ ಅಂಟಿಕೊಂಡಿದೆ. ಬಿಡಿಸುವ ಉಪಾಯ ಬಲ್ಲವರು ತಿಳಿಸಬೇಕು. ಬಾಗಿಲ ಮೇಲಿನ ಗುಬ್ಬಿ ಮೊಟ್ಟೆ ಇಟ್ಟಿದೆ, ಕಾಕಾ ಬಾಗಿಲು ಹಾಕಲು ಬಿಡುತ್ತಿಲ್ಲ.' ಉತ್ತರ ಬರಲಿಲ್ಲ. ಪಾತ್ರೆ ಬಿಡಿಸುವ ಉಪಾಯವನ್ನೂ ಯಾರೂ ಹೇಳಲಿಲ್ಲ. ಹತ್ತು ವಾರ, ಹನ್ನೆರಡು ವಾರ. ಒಂದೊಂದು ಮಂಗಳವಾರ ಪತ್ರ ಕಳಿಸುವ ಗುಂಡಿ ಒತ್ತುವಾಗ, ಪಾಳುಬಾವಿಯಲ್ಲಿ ಕಲ್ಲು ಹಾಕಿ ಸದ್ದಿಗೆ ಕಿವಿಗೊಟ್ಟವನ ಗತಿ ನನ್ನದು. ಆದರೂ ಕಳಿಸುತ್ತಿದ್ದೆ. ಹಟದಿಂದ ಎಂದು ಹೇಳಿದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ನಿಲ್ಲಿಸಿದರೆ ಸುಮಂಗಲಾ ನಗುತ್ತಾಳೆಂಬ ಭಯದಿಂದ.

ಒಂದು ದಿನ ಕಂಪ್ಯೂಟರಿನಲ್ಲಿ ಏನೋ ಒತ್ತಲು ಹೋಗಿ ಇನ್ನೇನೋ ಒತ್ತಿದೆ. ಒಂದು ಪಟ್ಟಿ ತೆರೆಯಿತು. ಯಾರು ಯಾರು ಪತ್ರ ತೆರೆದು ನೋಡಿದರು, ಎಷ್ಟೆಷ್ಟು ಸಲ ನೋಡಿದರು, ಎಲ್ಲ ಅದರಲ್ಲಿತ್ತು. ನನಗೆ ಅದು ಇನ್ನೊಬ್ಬರ ಮನೆಯ ಕಿಟಕಿಯಲ್ಲಿ ಇಣುಕಿದಂತೆ ಕಂಡಿತು. ಆದರೆ ಕಾಕಾನಿಗೆ ಹೇಳಿದಾಗ ಆತ ಕೂತಲ್ಲಿಂದ ಎದ್ದು ಬಂದ.

"ಅಂದ್ರ, ಬಂದು ನೋಡಿ ಹೋಗ್ಯಾರ? ಏನೂ ಮಾತಾಡದನ?"

"ಹೌದು ಕಾಕಾ."

"ಓದು, ಓದು. ಯಾರ್ ಯಾರ್ ಬಂದಿದ್ರು?"

ಅಂದಿನಿಂದ ಬುಧವಾರ ಬೆಳಗ್ಗೆ ಕಾಕಾ ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂಡುವುದು ರೂಢಿಯಾಯಿತು. ನಾನು ಹೆಸರು ಓದಬೇಕು, ಆತ ಕಣ್ಣು ಮುಚ್ಚಿ ಕೇಳಬೇಕು. 'ಒಮ್ಮೆ' ಎಂದರೆ ತಲೆ ಅಲ್ಲಾಡಿಸುವನು. 'ಎರಡು ಸಲ' ಎಂದರೆ "ಹೊತ್ತು ಹೋಗಿಲ್ಲ ಅವರಿಗೆ," ಅನ್ನುವನು. ಮೊದಲ ಬುಧವಾರವೇ ಒಂದು ಅನಾಹುತವಾಯಿತು. ಪಟ್ಟಿಯಲ್ಲಿ ಒಬ್ಬರು ನಲವತ್ತು ಸಲ ನೋಡಿದ್ದರು. ಹೆಸರು ನೋಡಿದರೆ ನಮ್ಮ ಸುಮಂಗಲಾ. ಪಾತ್ರೆ ಅಂಟಿದ ಕಥೆಯನ್ನು ಸಿಟ್ಟಿನಿಂದ ತನ್ನ ಮಹಿಳಾ ಸಂಘದವರಿಗೆಲ್ಲ ಒಬ್ಬೊಬ್ಬರಿಗೇ ತೆರೆದು ತೋರಿಸಿದ್ದಳು. ನಾನು ಅದನ್ನು ವಿವರಿಸುವ ಮೊದಲೇ ಕಾಕಾ ಎದ್ದು ಹೋಗಿಬಿಟ್ಟಿದ್ದ. ಮಧ್ಯಾಹ್ನ ಮನೆಗೆ ಹೋದರೆ ಸುಮಂಗಲೆಯ ಮುಂದೆ ಒಣಕೊಬ್ಬರಿ, ಉತ್ತತ್ತಿ, ಅಂಟು ಇಟ್ಟ ಬುಟ್ಟಿ. ಬಾಣಂತಿಯರಿಗೆ ಮಾಡುವ ಅಂಟಿನುಂಡೆಯ ಸಾಮಾನು.

"ನಿಮ್ಮ ಕಾಕಾಗ ಏನಾಗೇತ್ರಿ?" ಎಂದಳು. "ಬಾರ ಎತ್ತಬ್ಯಾಡವ್ವಾ ಅಂತಾರ. ಮಗಳು ಕಾಲೇಜಿಗೆ ಹೋಗಾಕ್ಹತ್ಯಾಳ, ನನಗ ನಲವತ್ತಮೂರು!"

ಆ ಉಂಡೆಯನ್ನು ಮಾತ್ರ ಬಿಡಲಿಲ್ಲ, ಮಾಡಿಸಿ ನಾವೆಲ್ಲ ತಿಂದೆವು.

ಈ ಪ್ರಕರಣದ ನಂತರ ಕಾಕಾ ಸ್ವಲ್ಪ ಹುಷಾರಾದ. ಹೀಗಿರುವಾಗ ಒಂದು ಬುಧವಾರ ನಾನು ಓದಿದೆ: "ಸರೋಜಾ ಅಕ್ಕೋರು, ಅಳ್ನಾವರ. ಹನ್ನೊಂದು ಸಲ."

ಅವರು ಅಲ್ಲಿಯ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿ. ಎಂದೋ ಒಮ್ಮೆ ಮಕ್ಕಳನ್ನು ಕರೆದುಕೊಂಡು ಅಂಗಡಿ ತೋರಿಸಲು ಬಂದಾಗ ವಿಳಾಸ ಬರೆದು ಹೋಗಿದ್ದರು. ಹಿಂದಿನ ವಾರ ನೋಡಿದೆ: ಒಂಬತ್ತು ಸಲ. ಅದರ ಹಿಂದಿನ ವಾರ ಏಳು.

ಕಾಕಾ ಕಣ್ಣು ತೆರೆದ. "ಫೋಟೋ ಒತ್ತಿ ನೋಡ್ಯಾರೇನು?"

ಪತ್ರದ ಕೆಳಗೆ ನಾನು ತೊಟ್ಟಿಲುಗಳ ಫೋಟೋ ಇಟ್ಟಿರುತ್ತೇನೆ. ಒತ್ತಿದರೆ ದೊಡ್ಡದಾಗಿ ಕಾಣುತ್ತವೆ. ನೋಡಿದೆ. "ಇಲ್ಲ ಕಾಕಾ. ಒಂದು ಫೋಟೋನೂ ಒತ್ತಿಲ್ಲ. ಬರೇ ಮಳಿ, ಗುಬ್ಬಿ ಓದಿ ಹೋಗ್ಯಾರ."

ಕಾಕಾ ಸ್ಟೂಲಿನಿಂದ ಎದ್ದ. ಆಮೇಲೆ ಹಿಂದಿನಂತೆಯೇ ಕೂಗಿದ. "ಹಲಗಿ ಇಳಸು."

"ಕಾಕಾ, ಅವರು ಕೇಳಿಲ್ಲ. ಒಂದಽ ತೊಟ್ಟಿಲಿನ ಹಲಗಿ ಐತಿ. ಹೋದ ಸಲ ಸುಮಂಗಲಾನ್ನ ಬಾಣಂತಿ ಮಾಡಿದ್ದಿ."

"ಆಕಿ ಮಂದೀಗೆ ತೋರಸಾಕ ತಗದಿದ್ಲು. ಈ ತಾಯಿ ಯಾರೂ ನೋಡದ್ಹಂಗ ತಗೀತಾಳ. ಇಳಸಲೇ!"

ಮೌಲಾಸಾಬ ಆ ಗುರುವಾರ ಬಂದು, ಕೊಯ್ದ ಹಲಗೆಗಳನ್ನು ನೋಡಿ, ಸಾವಿನ ಮನೆಗೆ ಬಂದವನಂತೆ ಕೈಕಟ್ಟಿ ನಿಂತ. "ಯಾರ್ದು ಕಾಕಾ ಆರ್ಡರು?" ಎಂದು ಕೇಳಿದ. "ಯಾರೂ ಹೇಳಿಲ್ಲ," ಎಂದ ಕಾಕಾ ಕೀಸುಳಿಯಿಂದ ಹಲಗೆ ನಯಗೊಳಿಸುತ್ತ. ಮೌಲಾ ನನ್ನ ಮುಖ ನೋಡಿದ. ನಾನು ಬೀದಿ ನೋಡಿದೆ.

ಮುಂದಿನ ಮಂಗಳವಾರದ ಪತ್ರದಲ್ಲಿ ಗುಬ್ಬಿಮರಿಗಳ ಸಮಾಚಾರದ ನಂತರ ಒಂದು ಸಾಲು ಸೇರಿಸಿದೆ: 'ಈರಪ್ಪ ಕಾಕಾ ಒಂದು ಹೊಸ ತೊಟ್ಟಿಲಿಗೆ ಕೈಹಾಕಿದ್ದಾನೆ. ಯಾರದೆಂದು ಕೇಳಬೇಡಿ, ನಮಗೂ ತಿಳಿಯದು.' ಅಳ್ನಾವರದಲ್ಲಿ ಆ ಪತ್ರ ಹದಿನಾರು ಸಲ ತೆರೆಯಿತು. ಅಲ್ಲಿಂದ ಪ್ರತಿ ವಾರ ಒಂದು ಸಾಲು. ಕಾಲು ಕೂಡಿಸಿದ್ದಾಯಿತು. ಸರಪಳಿಯ ಕೊಂಡಿ ಬಂತು. ಕೆಂಪು ಹಚ್ಚಿದ್ದಾಯಿತು, ಹಳದಿ ಇನ್ನೂ ಒಣಗಬೇಕು. ಕಾಕಾ ಮುಂಜಾನೆ ಎಂಟಕ್ಕೆ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕುಂಚ ಬಾಯಲ್ಲಿ ಕಚ್ಚಿಕೊಂಡು ಹಾಡು ಗುನುಗುತ್ತಿದ್ದ. ಅದನ್ನು ನೋಡಿ ನನಗೆ ಖುಷಿಯೂ ಆಗುತ್ತಿತ್ತು, ಅಂಜಿಕೆಯೂ ಆಗುತ್ತಿತ್ತು. ಟೀಚರು ಗುಬ್ಬಿಯ ಕಥೆಯನ್ನು ಮಕ್ಕಳಿಗೆ ಓದಿ ಹೇಳಲು ತೆರೆಯುತ್ತಿದ್ದರೆ? ಹಾಗೊಂದು ವೇಳೆ ಆದರೆ ಕಾಕಾನಿಗೆ ಏನೆಂದು ಹೇಳಲಿ?

ತೊಟ್ಟಿಲಿಗೆ ಕೊನೆಯ ಗಿಳಿಗಳನ್ನು ಬರೆಯುವ ವಾರ, ಬುಧವಾರ ಪಟ್ಟಿ ತೆರೆದೆ. ಸರೋಜಾ ಅಕ್ಕೋರ ಹೆಸರು ಇರಲಿಲ್ಲ. ಕೆಳಗೆ ಬೇರೆ ಸಾಲಿನಲ್ಲಿತ್ತು. ಅನ್‌ಸಬ್‌ಸ್ಕ್ರೈಬ್.

ಕಾಕಾನಿಗೆ ಹೇಳದೆ ಗತ್ಯಂತರವಿರಲಿಲ್ಲ. ಹೇಳಿದೆ. ಆತ ಕೈಯಲ್ಲಿದ್ದ ಕುಂಚವನ್ನು ಬಟ್ಟಲಿನ ಮೇಲೆ ಅಡ್ಡ ಇಟ್ಟ. ನಮಗಿಬ್ಬರಿಗೂ ಒಂದೇ ಯೋಚನೆ ಬಂದಿತ್ತು, ಅದು ಬಾಯಿಂದ ಬರುವಂಥದ್ದಲ್ಲ. ಆ ಮನೆಯಲ್ಲಿ ಏನೋ ಆಗಬಾರದ್ದು ಆಗಿರಬೇಕು. ತೊಟ್ಟಿಲಿನ ಪತ್ರ ಕಣ್ಣಿಗೆ ಬೀಳುವುದೇ ಬೇಡವೆನ್ನಿಸುವಂಥದ್ದು.

"ಒಂದು ಫೋನ್ ಮಾಡಿ ಕೇಳಲೇನು ಕಾಕಾ? ಇಲ್ಲಾ ಹೋಗಿ ಬರ್ತೀನಿ."

"ಹುಚ್ಚು ಹಿಡದೈತೇನಲೇ? ಅವರು ಹೇಳಿಲ್ಲ. ಹೇಳದ್ದನ್ನ ನೀ ಏನಂತ ಕೇಳ್ತಿ?"

ಕಾಕಾ ತೊಟ್ಟಿಲಿನ ಮೇಲೆ ಹಳೆಯ ಧೋತರ ಹೊದಿಸಿ ಮನೆಗೆ ಹೋದ. ಎರಡು ದಿನ ಅಂಗಡಿಯ ಕಡೆ ಬರಲಿಲ್ಲ. ಗುರುವಾರ ಬಂದ ಮೌಲಾಸಾಬನಿಗೆ ಸುದ್ದಿ ಹೇಳಿದೆ. ಅವನು ಹಲಗೆಯ ಮಾತೆತ್ತಲಿಲ್ಲ. ಧೋತರದ ಮುಂದೆ ಒಂದು ಗಳಿಗೆ ನಿಂತು, ತುಟಿ ಅಲುಗಿಸಿ ಏನೋ ಬೇಡಿಕೊಂಡು ಹೋದ. ಅಕ್ಕೋರ ಮಗಳೋ ಸೊಸೆಯೋ, ಕಂಡರಿಯದ ಒಂದು ಹುಡುಗಿಗಾಗಿ ನಾವು ಮೂವರು ಗಂಡಸರು ಹೀಗೆ ಹೆದರಿ ಕೂತಿದ್ದೆವು. ಮುಂದಿನ ಮಂಗಳವಾರದ ಪತ್ರದಲ್ಲೂ ತೊಟ್ಟಿಲಿನ ಸಾಲು ಬರೆಯಲು ನನ್ನಿಂದ ಆಗಲಿಲ್ಲ.

ಮೂರನೆಯ ದಿನ ಕಾಕಾ ಬಂದ. ಧೋತರ ತೆಗೆದು ಕುಂಚ ನೆನೆಸಿದ. "ಹಿಡದ ಕೆಲಸಾ ಮುಗಸಬೇಕು," ಎಂದ ಅಷ್ಟೆ. ಗಿಳಿಗಳು ಮುಗಿದವು. ಬಣ್ಣ ಒಣಗಿತು. ತೊಟ್ಟಿಲು ಮತ್ತೆ ಧೋತರ ಹೊದ್ದು ಮೂಲೆಯಲ್ಲಿ ನಿಂತು ಒಂದು ತಿಂಗಳಾಯಿತು, ಅದರ ಮೇಲೆ ಹದಿನೈದು ದಿನವಾಯಿತು. ಕಾಕಾ ಮತ್ತೆ ಬಾಗಿಲಲ್ಲಿ ಕೂತು ಬಸ್ಸು ಎಣಿಸತೊಡಗಿದ. ಕುಂಚ ತೊಳೆದು ಒರೆಸಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿದ್ದ.

ಯುಗಾದಿಗೆ ಇನ್ನು ಸ್ವಲ್ಪ ದಿನ ಇರುವಾಗ, ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿಯ ಮುಂದೆ ಜೀಪೊಂದು ನಿಂತಿತು. ಇಳಿದವರು ಸೀರೆಯಂಚಿಗೆ ಸೀಮೆಸುಣ್ಣದ ಪುಡಿ ಹತ್ತಿಸಿಕೊಂಡ ಒಬ್ಬ ಹೆಂಗಸು. ಶಾಲೆಯಿಂದ ನೇರವಾಗಿ ಬಂದಂತಿತ್ತು. ಮಳೆಯ ಮಾತಿಲ್ಲ, ಜೋಳದ ಮಾತಿಲ್ಲ. ಹೊಸ್ತಿಲಲ್ಲಿ ನಿಂತು ಕಾಕಾನನ್ನು ಕೇಳಿದರು.

"ಮುಗದೈತೇನ್ರಿ?"

ಕಾಕಾ ಎದ್ದು ನಿಂತ. "ಮುಗದೈತ್ರಿ ತಾಯಿ. ಬಣ್ಣಾ ಸೈತ ಆರಿ ತಿಂಗಳಾತು."

ಆಮೇಲೆ ಆ ತಾಯಿ ಕೂತು ಹೇಳಿದರು. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಆಸೆ ಹುಟ್ಟಿ ಕೈತಪ್ಪಿತ್ತು. ಈ ಸಲ ಮನೆಯಲ್ಲಿ ಯಾರೂ ಆ ಮಾತು ಆಡಕೂಡದೆಂದು ತಮ್ಮೊಳಗೇ ನಿಶ್ಚಯಿಸಿದ್ದರು. ಅಂಗಡಿಗೆ ಬಂದರೆ ಬಸ್ಸಿನಲ್ಲಿ ಯಾರಾದರೂ ಕಂಡಾರೆಂದು ಶಾಲೆಯ ಆಫೀಸಿನಲ್ಲಿ ಕೂತು ನನ್ನ ಪತ್ರ ಓದುತ್ತಿದ್ದರು. "ಕಾಕಾ ಹೊಸಾ ತೊಟ್ಟಿಲಾ ಹಿಡದಾರ ಅಂತ ಓದಿದೆ. ನಮ್ಮದಽ ಅಂತ ತಿಳಕೊಂಡೆ," ಎಂದರು. "ಅನ್‌ಸಬ್‌ಸ್ಕ್ರೈಬ್ ಯಾಕ್ ಮಾಡಿದ್ರಿ ಅಕ್ಕೋರ?" ಎಂದು ನಾನು ಕೇಳಿದೆ, ದನಿ ನನಗೇ ಕೇಳಿಸದಷ್ಟು ಸಣ್ಣದಾಗಿ.

"ಮಗಳು ಬಾಣಂತನಕ್ಕ ಬಂದ್ಲು. ಇಡೀ ದಿನಾ ನನ್ನ ಫೋನ್ ಆಕೀ ಕೈಯಾಗ. ತೊಟ್ಟಿಲಿನ ಪತ್ರಾ ನೋಡಿ ಅಂಜಿಕೊಂಡಾಳು ಅಂತ ತಗದೆ. ನೀವು ತಪ್ಪ ತಿಳಕೋಬ್ಯಾಡ್ರಿ."

ನಾನು ಎದ್ದು ಬಣ್ಣದ ಡಬ್ಬಿಗಳನ್ನು ಸರಿಸಿಡುವ ನೆಪದಲ್ಲಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಕಾಕಾ ಧೋತರ ತೆಗೆದ. ಅಕ್ಕೋರು ತೊಟ್ಟಿಲಿನ ಅಂಚಿಗೆ ಕೈ ಇಟ್ಟು ಬಹಳ ಹೊತ್ತು ನಿಂತರು. ಆಮೇಲೆ ಸ್ವಲ್ಪ ತಪ್ಪು ಮಾಡಿದವರ ಹಾಗೆ ಕಾಕಾನ ಕಡೆ ನೋಡಿದರು.

"ಒಂದು ಹೇಳೂದು ಉಳದೈತ್ರಿ ಕಾಕಾ. ಎರಡು ಅದಾವು."

ಪತ್ರ ತೆರೆದ ಲೆಕ್ಕದಿಂದ ಬಸಿರು ಹೇಳಿದ ಈರಪ್ಪ ಕಾಕಾ ಪೆಚ್ಚಾಗಿ ಸ್ಟೂಲಿನ ಮೇಲೆ ಕೂತ. ಅವಳಿ ಕೂಸು! ಹುಟ್ಟಿ ಎಂಟು ದಿನವಾಗಿದೆ. ಹದಿಮೂರನೆಯ ದಿನಕ್ಕೆ ಎರಡು ತೊಟ್ಟಿಲು ಬೇಕು. ಮೌಲಾಸಾಬ ಎಲ್ಲಿಂದಲಾದರೂ ಹಲಗೆ ತಂದಾನು. ಎರಡೂವರೆ ತಿಂಗಳ ಕೆಲಸಕ್ಕೆ ಐದು ದಿನ ಎಲ್ಲಿಂದ ತರುವುದು? "ಒಂದು ಕೂಸು ತೊಟ್ಟಿಲಾಗ, ಒಂದು ಚಾಪಿ ಮ್ಯಾಲೆ, ಹೆಂಗ್ರಿ ಕಾಕಾ?" ಎಂದು ಅಕ್ಕೋರು ಕೇಳಿದರು.

ಆಗ ನನಗೆ ಹೊಳೆದದ್ದು ಒಂದೇ. ಶುಕ್ರವಾರವಾದರೂ ಆಗಲಿ ಎಂದು ಕಂಪ್ಯೂಟರ್ ತೆರೆದೆ. ಮಾರುವವನು ಗಿರಾಕಿಗಳ ಹತ್ತಿರ ಬೇಡುವುದೆಂದರೆ ಮರ್ಯಾದೆಯ ಪ್ರಶ್ನೆ. ಆದರೂ ಮೂರು ಸಾಲು ಬರೆದೆ. 'ಒಂಬತ್ತು ವರ್ಷಕ್ಕೆ ಒಂದು ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿವೆ. ನಮ್ಮಲ್ಲಿ ತೊಟ್ಟಿಲು ಒಂದೇ ಇದೆ. ನಿಮ್ಮ ಅಟ್ಟದ ಮೇಲೆ ನಮ್ಮ ಮನೆಯ ತೊಟ್ಟಿಲು ಖಾಲಿ ಇದ್ದರೆ ಬುಧವಾರದೊಳಗೆ ಎರವಲು ಕೊಡುವಿರಾ?'

ಅಷ್ಟು ತಿಂಗಳು ಸದ್ದಿಲ್ಲದೆ ಬಿದ್ದಿದ್ದ ಆ ಪಟ್ಟಿಯಿಂದ ಸಂಜೆಯೊಳಗೆ ಹದಿನಾಲ್ಕು ಉತ್ತರ ಬಂದವು. 'ನಾಲ್ಕು ಮಂದಿ ಬೆಳೆದ ತೊಟ್ಟಿಲು, ಬೆಳಗ್ಗೆ ತರುತ್ತೇನೆ' ಎಂದು ತಿರ್ಲಾಪುರದವರು. 'ಸರಪಳಿಗೆ ಎಣ್ಣೆ ಬಿಟ್ಟಿದ್ದೇವೆ, ಗೋಡೆಗೆ ತಾಗಿಸಿಲ್ಲ' ಎಂದು ಇನ್ನೊಬ್ಬರು. ಯಾರಿಗೆ ಹೌದು, ಯಾರಿಗೆ ಬೇಡ ಎನ್ನುವುದೆಂದು ನಾನು ಯೋಚಿಸುತ್ತಿರುವಾಗಲೇ ಬೆಳಗಾಯಿತು, ಮತ್ತು ಅಂಗಡಿಯ ಮುಂದೆ ಮೂರು ತೊಟ್ಟಿಲು ಇಳಿದಿದ್ದವು. ಮತ್ತೆ ಬಂದ ಅಕ್ಕೋರು ಹೊಸದರ ಜೊತೆ ಅಜ್ಜನ ಕೈಯದೊಂದನ್ನು ಆರಿಸಿ, ಎರಡನ್ನೂ ಜೀಪಿನ ಮೇಲೆ ಕಟ್ಟಿಸಿಕೊಂಡು ಹೋದರು.

ಉಳಿದೆರಡನ್ನು ತಂದವರು ವಾಪಸ್ಸು ಒಯ್ಯಲು ಒಪ್ಪಲಿಲ್ಲ. ಕೂಸಿಗೆಂದು ಹೊರಗೆ ತೆಗೆದ ತೊಟ್ಟಿಲನ್ನು ಬರಿದೇ ಮನೆಗೆ ತಿರುಗಿ ಒಯ್ಯಬಾರದಂತೆ. "ಇಲ್ಲೇ ಇರ್ಲಿ ಕಾಕಾ. ಬಣ್ಣಾ ಹ್ವಾಗೇತಿ, ಹೊಳ್ಳಿ ಹಚ್ಚಿ ಇಡ್ರಿ. ಬೇಕಾದವರಿಗೆ ಕೊಡ್ರಿ," ಎಂದು ಚಹಾ ಕುಡಿದು ಹೋದರು. ಕಾಕಾ ಒಂದು ತೊಟ್ಟಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮಾಸಿದ ನವಿಲಿನ ಕತ್ತಿನ ಮೇಲೆ ಬೆರಳಾಡಿಸಿದ. "ನಮ್ಮಪ್ಪನ ಕೈ ನೋಡಲೇ ಇದು," ಎಂದ. ಸ್ವಲ್ಪ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಕೇಳಿತು.

ಮಧ್ಯಾಹ್ನದೊಳಗೆ ಮತ್ತೆ ನಾಲ್ಕು ಬಂದವು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದೆ ಮೌಲಾಸಾಬ ತನ್ನ ಬಾಗಿಲುಗಳ ಶೆಡ್ಡಿನಲ್ಲಿ ಎರಡನ್ನು ಇಟ್ಟುಕೊಂಡ. ಕಾಕಾ ಹಸಿರು ಬಣ್ಣದ ಕೈಯಲ್ಲೇ ಬಂದು, "ಬರಿ, ಸಾಕು ಅಂತ ಬರಿ," ಅಂದ. ನಾನು ಬರೆದೆ: 'ನಿಮ್ಮ ಪ್ರೀತಿಗೆ ಶರಣು. ತೊಟ್ಟಿಲು ಸಿಕ್ಕಿತು. ದಯಮಾಡಿ ಇನ್ನು ಯಾರೂ ಕಳಿಸಬೇಡಿ.'

ಅದಕ್ಕೂ ತಕ್ಷಣ ಉತ್ತರ ಬಂತು, ಯಮನೂರಿನಿಂದ: 'ಟೆಂಪೋ ಆಗಲೇ ಹೊರಟಿದೆ. ಇಳಿಸಿಕೊಳ್ಳಲು ನಾಲ್ಕು ಜನ ಇರಲಿ.'